ಪಿತೃಪಕ್ಷದ ಗಿರಾಕಿ

ಹೊಸಪೇಟೆಯಲ್ಲಿ ತಾಡಪತ್ರಿ, ಹಗ್ಗದ ಅಂಗಡಿ ಇಟ್ಟಿದ್ದ ಕೊಟ್ರಬಸಪ್ಪ ಯಾರನ್ನೇ ನೋಡಲಿ, ಮೊದಲು ಮನಸ್ಸಿನಲ್ಲೇ ಬೆಲೆ ಕಟ್ಟುತ್ತಿದ್ದ. ಹೆಂಡತಿ ಹಂಪಮ್ಮನಿಗೂ ಕಟ್ಟಿದ್ದ. ಎತ್ತರ ಐದಡಿಗೆ ಒಂದಿಷ್ಟು ಕಡಿಮೆ. ದನಿ ಮಾತ್ರ ಹಿತ್ತಲಿನಿಂದ ಬಸ್ ಸ್ಟ್ಯಾಂಡಿನವರೆಗೆ ಸಲೀಸು. ಹೊಲಿಗೆ ಗಟ್ಟಿ, ಬಣ್ಣ ಬಿಡುವುದಿಲ್ಲ, ಮಳೆ ಬಿಸಿಲಿಗೆ ಜಗ್ಗುವುದಿಲ್ಲ. ನಿರ್ವಹಣಾ ವೆಚ್ಚ ಅತ್ಯಲ್ಪ: ವರ್ಷಕ್ಕೆ ಎರಡು ಸೀರೆ, ಅದೂ ಆಷಾಢದಲ್ಲಿ. ದೋಷ ಒಂದೇ. ವ್ಯವಹಾರಜ್ಞಾನ ಸೊನ್ನೆ.

(ಈ ಕೊನೆಯ ಷರಾ ಕೊಟ್ರಬಸಪ್ಪನದು, ನಮ್ಮದಲ್ಲ.)

ಆಷಾಢದ ಸೀರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಊರೆಲ್ಲ ದೀಪಾವಳಿಗೋ ಮದುವೆ ಸೀಸನ್ನಿಗೋ ಅಂಗಡಿಗೆ ಮುಗಿಬೀಳುತ್ತಿದ್ದರೆ, ಹಂಪಮ್ಮ ಒಳ್ಳೆಯ ಕೆಲಸಕ್ಕೆ ಯಾರೂ ಮನೆ ಬಿಟ್ಟು ಹೊರಡದ ದಿನ ನೋಡಿ ಚೀಲ ಹಿಡಿಯುತ್ತಿದ್ದಳು. ಆಷಾಢದಲ್ಲಿ ಸೀರೆ, ಪಿತೃಪಕ್ಷದಲ್ಲಿ ಪಾತ್ರೆ, ಬಿರುಬೇಸಿಗೆಯಲ್ಲಿ ಕಂಬಳಿ.

"ಕೆಟ್ಟ ದಿನದಾಗ ಖರೀದಿ ಮಾಡ್ತಾರೇನಲೇ?" ಎಂದು ಅವನು ರೇಗಿದರೆ ಅವಳ ಉತ್ತರ ತಯಾರಿರುತ್ತಿತ್ತು.

"ದಿನ ಕೆಟ್ಟಿರಬೌದ್ರಿ, ಸೀರಿ ಕೆಟ್ಟಿರಂಗಿಲ್ಲ. ನೊಣ ಹೊಡಕೋತ ಕುಂತ ಅಂಗಡಿಯಾಂವ ನಾ ಕೇಳಿದ ರೇಟಿಗೇ ಕೊಡ್ತಾನ, ಮ್ಯಾಲ ಚಾನೂ ತರಸ್ತಾನ."

ಇಂಥವಳಿಗೆ ವ್ಯವಹಾರ ಹೇಗೆ ಅರ್ಥವಾದೀತು ಎಂದು ಕೊಟ್ರಬಸಪ್ಪ ಅಂಗಡಿಯ ದಾರಿ ಹಿಡಿಯುತ್ತಿದ್ದ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡ ಲಾರಿ ಹತ್ತಿ ಚೀನಾಕ್ಕೆ ಹೊರಟಿತ್ತು. ಹೊಸಪೇಟೆಯಲ್ಲಿ ಹಾಲಿಗೆ ಹೆಪ್ಪು ಹಾಕಿಟ್ಟರೆ ಬೆಳಿಗ್ಗೆ ಮೊಸರು ಧೂಳಿಗೆ ಕೆಂಪಗೆ ಕಾಣುತ್ತಿತ್ತು. ಅದಿರು ತುಂಬಿದ ಗಾಡಿಗೆಲ್ಲ ಮೇಲೆ ಹೊದಿಸಲು ತಾಡಪತ್ರಿ ಬೇಕು, ತಾಡಪತ್ರಿ ಬೇಕಾದವರಿಗೆಲ್ಲ ಕೊಟ್ರಬಸಪ್ಪ ಬೇಕು. ಅಂಗಡಿ ಚೆನ್ನಾಗಿಯೇ ನಡೆದಿತ್ತು. ಅವನ ನಿದ್ದೆ ಕೆಡಿಸಿದವನು ಪಕ್ಕದ ಮನೆಯ ಅಂಜಿನಯ್ಯ. ನಿನ್ನೆ ಮೊನ್ನೆಯವರೆಗೆ ರೇಡಿಯೋ ರಿಪೇರಿ ಮಾಡುತ್ತಿದ್ದವನು ಈಗ ಎರಡು ಟಿಪ್ಪರ್ ಇಟ್ಟಿದ್ದ, ಜೊತೆಗೆ ಗಾಡಿ ಮಾರಿಸುವ ದಲಾಲಿ. ಎರಡು ಮೊಬೈಲು, ಬಿಳಿ ಬೂಟು. ತನಗಿಂತ ದಡ್ಡನಾದವನು ತನ್ನ ಕಣ್ಣೆದುರಿಗೇ ಶ್ರೀಮಂತನಾಗುವುದನ್ನು ಸಹಿಸುವ ಶಕ್ತಿಯನ್ನು ದೇವರು ವ್ಯಾಪಾರಿಗಳಿಗೆ ಕೊಟ್ಟಿಲ್ಲ.

ಅಕ್ಷಯ ತೃತೀಯದ ಹಿಂದಿನ ದಿನ ಕೊಟ್ರಬಸಪ್ಪ ತನ್ನ ಮಹಾಸಂಕಲ್ಪವನ್ನು ಪ್ರಕಟಿಸಿದ. ಅಂಗಡಿಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ತೆಗೆದಾಗಿದೆ. ನಾಳೆ ಟಿಪ್ಪರ್ ಬರುತ್ತದೆ.

ಹಂಪಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹೊಸಾದೇನ್ರಿ?"

"ಎರಡು ವರ್ಷ ಓಡಿದ್ದು. ಹೊಸಾದಕ್ಕ ಆರು ತಿಂಗಳು ಕಾಯ್ಬೇಕು. ಅದಕ್ಕ ಇದರ ರೇಟು ಹೊಸಾದಕ್ಕಿಂತ ಜಾಸ್ತಿ."

"ಉಟ್ಟು ಬಿಟ್ಟ ಸೀರಿಗೆ ಹೊಸಾ ಸೀರಿಗಿಂತ ಜಾಸ್ತಿ ರೊಕ್ಕ! ಅಲ್ರೀ, ಡೀಸೆಲ್ಲು, ಟೈರು, ಡ್ರೈವರು ಎಲ್ಲಾ ಕಳದ್ರ ತಿಂಗಳಿಗೆ ಎಷ್ಟು ಉಳೀತೈತಿ?"

"ಲೇ, ಇಡೀ ಊರ ತಗೊಳ್ಳಾಕತ್ತೈತಿ. ಎಲ್ಲಾರೂ ಹುಚ್ಚರೇನು?"

"ನಾ ಕೇಳಿದ್ದು ಎಲ್ಲಾರ್ದಲ್ರಿ, ತಿಂಗಳಿಗೆ ಎಷ್ಟು ಉಳೀತೈತಿ ಅಂತ."

ಕೊಟ್ರಬಸಪ್ಪ ಆ ಪ್ರಶ್ನೆಯನ್ನೇ ಅಶುಭ ಎಂದು ಘೋಷಿಸಿದ. ಮರುದಿನ ಹೇಳಿದ ರೇಟಿಗೇ, ಒಂದು ಮಾತು ಎದುರಾಡದೆ ಗಾಡಿ ತಂದ. (ಗಾಲಿಯಡಿ ಇಡುವ ನಿಂಬೆಹಣ್ಣಿಗೆ ಮಾತ್ರ ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿದ್ದ.)

ಅಲ್ಲಿಂದ ಹೊಸ ಕಾರ್ಯಕ್ರಮ ಶುರುವಾಯಿತು. ದಿನಾ ಬೆಳಿಗ್ಗೆ ಅಂಜಿನಯ್ಯ ಬಾಯಲ್ಲಿ ಬ್ರಶ್ ಇಟ್ಟುಕೊಂಡು ಕಾಂಪೌಂಡಿನ ಆಚೆ ನಿಂತು ಅಂದಿನ ಬೆಲೆ ಸಾರುತ್ತಿದ್ದ.

"ಬಸಣ್ಣಾ, ನಿನ್ನ ಗಾಡಿಗೆ ಇವತ್ತು ಒಂದು ಲಕ್ಷ ಏರೈತಿ ನೋಡು! ಮಸ್ತ್ ಮಾಡಿದಿ!"

ಕೊಟ್ರಬಸಪ್ಪ ಒಳಗೋಡಿ, "ಇವತ್ತು ಒಂದು ಲಕ್ಷ ಗಳಿಸಿದ್ವಿ!" ಎನ್ನುತ್ತಿದ್ದ.

"ಭಾಳ ಛಲೋ ಆತು. ಅದರಾಗ ಒಂದು ಕೆಜಿ ತೊಗರಿಬ್ಯಾಳಿ ತಗೊಂಡು ಬರ್ರಿ."

ಅವನು ತರಲಿಲ್ಲ, ತರಲು ಆ ಲಕ್ಷ ಜೇಬಿನಲ್ಲಿರಲಿಲ್ಲ. ಆದರೂ ನಡಿಗೆ ಬದಲಾಯಿತು. ಒಂದು ಜೊತೆ ಬಿಳಿ ಬೂಟೂ ಬಂತು.

ಭಾದ್ರಪದದ ಹೊತ್ತಿಗೆ ಚೀನಾದವರಿಗೆ ಅದೇನಾಯಿತೋ, ಗುಡ್ಡ ಬೇಡವಾಯಿತು. ಸಂಡೂರು ರಸ್ತೆಯ ಎರಡೂ ಬದಿಗೆ ಟಿಪ್ಪರುಗಳು ಉಪವಾಸ ಬಿದ್ದ ಎಮ್ಮೆಗಳಂತೆ ಸಾಲಾಗಿ ನಿಂತವು. ಅಂಜಿನಯ್ಯನ ಬೆಳಗಿನ ವಾರ್ತೆಯ ಧಾಟಿ ತಿರುಗಿತು.

"ಬಸಣ್ಣಾ, ಎರಡು ಲಕ್ಷ ಇಳೀತು." "ಬಸಣ್ಣಾ, ಮತ್ತ ಇಳೀತು." ಕೊನೆಗೊಂದು ದಿನ ಬ್ರಶ್ ಕೂಡ ಇಲ್ಲದೆ ಬಂದು, "ಬಸಣ್ಣಾ, ಇನ್ನ ಗುಜರಿಗೇ ಗತಿ," ಎಂದ.

ಕೊಟ್ರಬಸಪ್ಪ ಊಟದ ತಟ್ಟೆಯ ಮುಂದೆ ಕೂತು ಲೆಕ್ಕ ಹಾಕಿದ. ಟಿಪ್ಪರು ಹೋದರೆ ಹೋಗಲಿ. ಸಾಲ ಕಟ್ಟದಿದ್ದರೆ ಅಪ್ಪ ಮಾಡಿದ ಅಂಗಡಿಯೇ ಹೋಗುತ್ತದೆ.

"ಮಾರಿಬಿಡ್ತೀನಿ," ಎಂದ.

"ಯಾಕ್ರಿ? ಗಾಲಿ ಕಳಚಿ ಬಿದ್ದಾವೇನು?" ಹಂಪಮ್ಮ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಹೋದ ತಿಂಗಳು ಇದ್ದ ಗಾಡಿನೇ ಈಗೂ ಐತಿ. ಅದಿರು ಇಲ್ಲಂದ್ರ ಏನಾತು? ಕಂಪ್ಲಿಯಾಗ ಅಕ್ಕಿ ಗಿರಣಿ ಮುಂದ ಭತ್ತದ ಹೊಟ್ಟು ಗುಡ್ಡ ಬಿದ್ದೈತಿ, ಇಟ್ಟಿಗಿ ಭಟ್ಟಿಯಾರು ಬೇಕು ಬೇಕು ಅಂತಾರ, ಸಾಗಸಾಕ ಗಾಡಿ ಇಲ್ಲ. ನಮ್ ತಮ್ಮ ಜಂಬಪ್ಪ ಅಲ್ಲೇ ಹೊಟ್ಟಿನ ವ್ಯಾಪಾರ ಮಾಡ್ತಾನ, ಅವನ್ನ ಕೇಳ್ರಿ."

"ಎಲ್ಲಾರೂ ಮಾರಾಕತ್ಯಾರ, ಇಕಿ ಹೊಟ್ಟು ಹೊರಸ್ತಾಳಂತ! ವ್ಯಾಪಾರದ್ದು ನಿನಗೇನು ಗೊತ್ತಲೇ?"

ಹಂಪಮ್ಮ ಅವನ ಮುಖವನ್ನು ಒಮ್ಮೆ ನೋಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಎರಡು ದಿನ ಬಿಟ್ಟು ಅಂಜಿನಯ್ಯ ಒಬ್ಬ ಗಿರಾಕಿ ಸಿಕ್ಕ ಸುದ್ದಿ ತಂದ. ಕಂಪ್ಲಿ ಕಡೆಯ ಪಾರ್ಟಿ. ಕೊಡುವುದು ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆ, ಆದರೆ ಪೂರ್ತಿ ನಗದು. ಅಮಾವಾಸ್ಯೆಯೊಳಗೆ ಗಾಡಿ ಬೇಕಂತೆ.

"ಪಿತೃಪಕ್ಷದಾಗ ಗಾಡಿ ತಗೊಳ್ತಾನಾ? ಎಂಥಾ ಮುಠ್ಠಾಳನೋ ಅವನು!"

"ನಮಗ್ಯಾಕ ಬಸಣ್ಣ? ಜಲ್ದಿ ಸಹಿ ಹಾಕು, ಅವರ ಬುದ್ಧಿ ತಿರುಗೂದ್ರಾಗ."

ಮುಠ್ಠಾಳ ಎಚ್ಚೆತ್ತುಕೊಂಡರೆ ಕಷ್ಟ ಎಂದು ಕೊಟ್ರಬಸಪ್ಪ ಹೆಸರು ಕೂಡ ಕೇಳದೆ ಖಾಲಿ ಫಾರಂಗಳಿಗೆ ಸಹಿ ಹಾಕಿದ. ಬಂದ ದುಡ್ಡನ್ನು ಸಾಲಕ್ಕೆ ಕಟ್ಟಿದ. ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿಯಿತು. ತಾಡಪತ್ರಿ ಕೇಳುವವರಿಲ್ಲ, ಕಂತು ಕಟ್ಟುವ ದಾರಿಯಿಲ್ಲ. ಬ್ಯಾಂಕಿನವರು ಅಂಗಡಿಯ ಮುಂದೆ ನಿಂತು ಅದರ ಅಗಲವನ್ನು ಕಣ್ಣಿನಲ್ಲೇ ಅಳೆದು ಹೋದರು.

ಆಗ ಹಂಪಮ್ಮ ಸೆರಗಿನಿಂದ ನೋಟಿನ ಕಟ್ಟು ಬಿಚ್ಚಿದಳು. "ಜಂಬಪ್ಪನ ಕಡಿಂದ ಬಂದದ್ದು. ಕಂತು ಕಟ್ರಿ. ತಿಂಗಳಾ ತಿಂಗಳಾ ಬರ್ತೈತಿ."

ಭಾವಮೈದುನನ ಈ ಔದಾರ್ಯಕ್ಕೆ ಕೊಟ್ರಬಸಪ್ಪನ ಕಣ್ಣು ತುಂಬಿತು. ಹಿಂದೆ ಅವನನ್ನು 'ಹೊಟ್ಟಿನ ಸಾವ್ಕಾರ' ಎಂದು ಆಡಿಕೊಂಡದ್ದಕ್ಕೆ ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡ.

ನಡುವೆ ಒಂದು ದಿನ ಅವನು ಮನೆಗೆ ಕುಣಿಯುತ್ತ ಬಂದ. "ನಮ್ಮ ಹಳೇ ಟಿಪ್ಪರಿನ ಡ್ರೈವರು ಅಂಗಡಿಗೆ ಬಂದಿದ್ದ ನೋಡು, ಆ ಪಿತೃಪಕ್ಷದ ಗಿರಾಕಿ ಕಡಿಯಾಂವ! ಹೊಟ್ಟು ಹಾರದಂಗ ಮುಚ್ಚಾಕ ತಾಡಪತ್ರಿ ಬೇಕಂತ. ಹರಿದದ್ದೊಂದಕ್ಕ ತ್ಯಾಪಿ ಹಾಕಿ, ಹೊಸಾದರ ರೇಟು ಹಚ್ಚಿ ಕಳಿಸಿದೆ!"

ಆ ತಿಂಗಳು ಜಂಬಪ್ಪನ ಕಟ್ಟು ಸ್ವಲ್ಪ ತೆಳ್ಳಗಿತ್ತು. ಏನೋ ದಂಡದ ಖರ್ಚು ಬಂತಂತೆ.

ಎರಡು ವರ್ಷ ಕಳೆದು ಚೀನಾದವರಿಗೆ ಮತ್ತೆ ಗುಡ್ಡ ಬೇಕಾಯಿತು. ಅಂಜಿನಯ್ಯ ಕಾಂಪೌಂಡಿಗೆ ಮರಳಿದ. "ಬಸಣ್ಣಾ, ಟಿಪ್ಪರ್ ರೇಟು ಮುಗಿಲಿಗೆ ಹತ್ತೈತಿ!" ಅಷ್ಟರಲ್ಲಿ ಅಂಗಡಿಯ ಸಾಲದ ಕೊನೆಯ ಕಂತೂ ಮುಗಿದಿತ್ತು. ಕೊಟ್ರಬಸಪ್ಪನ ರಕ್ತ ಮತ್ತೆ ಬಿಸಿಯಾಯಿತು. ಅಂಗಡಿಯ ಪತ್ರ ಕಂಕುಳಲ್ಲಿ ಇಟ್ಟುಕೊಂಡು ಅಡುಗೆಮನೆಗೆ ಬಂದ.

"ಲೇ, ನಿನ್ನ ತಮ್ಮಗ ಫೋನ್ ಹಚ್ಚು. ಆ ಕಂಪ್ಲಿ ಪಾರ್ಟಿನ ಅವನೇ ಹುಡುಕಿ ಮಾತಾಡ್ಲಿ. ನಮ್ಮ ಗಾಡಿ ನಾವೇ ವಾಪಸ್ ತಗೊಳ್ಳೋಣ. ಡಬಲ್ ರೇಟಾದ್ರೂ ಚಿಂತಿಲ್ಲ."

"ಕೊಡಂಗಿಲ್ರಿ."

"ಕೊಡಂಗಿಲ್ಲ ಅನ್ನಾಕ ನೀ ಯಾರಲೇ?"

"ನಾನಾ? ಗಾಡಿ ಓನರ್ರು." ಹಂಪಮ್ಮ ಸಾರಿಗೆ ಒಗ್ಗರಣೆ ಹಾಕಿದಳು. "ತವರಿನ ಹೊಲ ಮಾರಿದಾಗ ಬಂದ ನನ್ನ ಪಾಲಿನ ರೊಕ್ಕ ಕಂಪ್ಲಿ ಬ್ಯಾಂಕಿನ್ಯಾಗ ಇತ್ತಲ್ರಿ, ಅದರಾಗ ತಗೊಂಡೆ. ಅಂಜಿನಯ್ಯಗ ಎರಡೂ ಕಡಿಂದ ಕಮಿಷನ್ ಸಿಕ್ಕಿತು, ಬಾಯಿ ಮುಚ್ಚಿಕೊಂಡಾನ. ಹೊಟ್ಟು ಸಾಗಿಸಿದ ಬಾಡಿಗಿನೇ ನಿಮ್ಮ ಕಂತು ಕಟ್ಟೈತಿ. ಜಂಬಪ್ಪನ ಕಡಿಂದ ಬಂತು ಅಂದಿದ್ದೆ, ಜಂಬಪ್ಪನ ರೊಕ್ಕ ಅಂದಿರಲಿಲ್ಲ."

ಕೊಟ್ರಬಸಪ್ಪ ಕಂಕುಳಲ್ಲಿದ್ದ ಪತ್ರವನ್ನು ಇನ್ನಷ್ಟು ಅವುಚಿಕೊಂಡ. "ಮತ್ತ... ಮಾರಬ್ಯಾಡ್ರಿ ಅಂತ ಗಟ್ಟಿಯಾಗಿ ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ನಲ್ರಿ! ಹೆಂಡ್ತಿ ಹೇಳಿದ್ರ ಕೇಳ್ಲಿಲ್ಲ, ಪಾರ್ಟಿ ಅಂದ ಕೂಡ್ಲೇ ಸಹಿ ಹಾಕಿದ್ರಿ. ಆ ಪತ್ರ ಇತ್ಲಾಗ ತರ್ರಿ, ಒಗ್ಗರಣಿ ಸಿಡಿದೀತು."

ಅವನು ಕೊಟ್ಟ. ಅವಳು ಪತ್ರವನ್ನು ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಬಂದು, ಟಿಪ್ಪರನ್ನು ಈಗಲೇ, ಬೆಲೆ ಮುಗಿಲಲ್ಲಿದ್ದಾಗಲೇ, ಅಂಜಿನಯ್ಯನಿಗೇ ಮಾರುವುದಾಗಿ ತಿಳಿಸಿದಳು. ಅಂದು ಶುಭದಿನವೂ ಆಗಿತ್ತಂತೆ. ಅಂಜಿನಯ್ಯ ಪಂಚಾಂಗ ನೋಡಿ, ಒಂದು ಮಾತು ಎದುರಾಡದೆ ಕೊಂಡ.

ಕೊಟ್ರಬಸಪ್ಪನ ಅಂಗಡಿ ಇಂದಿಗೂ ಅಲ್ಲೇ ಇದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನೂ ಅವನೇ. ಬ್ಯಾಂಕಿಗೆ ಅವನು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಹಂಪಮ್ಮನಿಗೆ ಮಾತ್ರ ಒಂದು ಇಡೀ ಅಂಗಡಿ ಕೊಡಬೇಕಾಗಿದೆ.