ಮೀರಾ ಮೆಸಾದಲ್ಲಿ ಗುಡ್ಡೆ ಮಾಂಸ

ಮಾಂಸದ ರೇಟು ಹೇಳಲು ಬಾಯಿ ತೆರೆದರೆ ಸಾಕು, ನನಗೆ ಏನಾದರೊಂದು ಆಗಿಯೇ ತೀರುತ್ತದೆ. ನಾನು ಮಂಡ್ಯ ಕಡೆಯ ಹಳ್ಳಿಯವನು. ಮೇಕೆಯ ಬೆನ್ನು ಮುಟ್ಟಿ ತೂಕ ಹೇಳುತ್ತೇನೆ, ತಕ್ಕಡಿ ಆಮೇಲೆ ಬಂದು ಹೌದೆನ್ನುತ್ತದೆ. ಪಶುಸಂಗೋಪನೆ ಓದಲು ಕ್ಯಾಲಿಫೋರ್ನಿಯಾಕ್ಕೆ ಬಂದವನು ಸ್ಯಾನ್ ಡಿಯಾಗೋ ಆಚೆಯ ಒಂದು ಫಾರ್ಮಿಗೆ ಮ್ಯಾನೇಜರ್ ಆದೆ. ಓನರ್ ಎಪ್ಪತ್ತರ ಅಮೆರಿಕನ್ ಮುದುಕ. ದನ ಸಾಕಿ, ಅದರ ಮಾಂಸವನ್ನು ಅಂಗಡಿಗೆ ಕೊಡದೆ ನೇರ ಗಿರಾಕಿಗಳಿಗೇ ಮಾರುತ್ತಾನೆ. "ಇಲ್ಲಿರೋ ನಮ್ಮ ಕನ್ನಡದ ಜನ ಅದನ್ನ ಕೊಳ್ಳಲ್ಲ. ಮೇಕೆ ತನ್ನಿ, ಲಾಭ ನಾನು ತೋರಿಸ್ತೀನಿ" ಎಂದೆ. ಅದು 2021. ಮುದುಕ ಮೂವತ್ತು ಮೇಕೆ ತಂದು, "ಮೂರು ತಿಂಗಳು ಟೈಮ್. ಲಾಭ ಬರದಿದ್ರೆ ಮೇಕೆಗಳು ಹರಾಜಿಗೆ, ನೀನು ಬೇಲಿ ರಿಪೇರಿಗೆ" ಎಂದ.

1. ಹುಲ್ಲಿನ ದುಡ್ಡು

ಮೊದಲ ತಿಂಗಳು ಮೇಕೆ ಬದುಕಿದ್ದಾಗಿನ ತೂಕಕ್ಕೇ ರೇಟು ಕಟ್ಟಿದೆ. ಟೊರೆನ್ಸ್‌ನ ರಾಕೆಟ್ ಇಂಜಿನಿಯರ್ ಒಬ್ಬರು ಎಪ್ಪತ್ತು ಪೌಂಡಿನ ಇಡೀ ಮೇಕೆ ಕೊಂಡರು. ಮಾಂಸದ ಪ್ಯಾಕೆಟ್ ತಲುಪಿಸಿದ ಮಾರನೇ ದಿನವೇ ಫೋನ್.

"ಏನ್ರೀ, ಎಪ್ಪತ್ತಕ್ಕೆ ದುಡ್ಡು ತಗೊಂಡು ಮೂವತ್ತು ಕೊಟ್ಟಿದ್ದೀರಿ. ಉಳಿದ ನಲವತ್ತು ಎಲ್ಲಿ?"

"ಚರ್ಮ, ಕೊಂಬು, ಗೊರಸು, ಹೊಟ್ಟೆಯೊಳಗಿನ ಹುಲ್ಲು ಸಾರ್."

"ಹುಲ್ಲಿಗೂ ನಾನೇ ಕೊಡ್ಬೇಕಾ?"

"ಸಾರ್, ನಿಮ್ಮ ರಾಕೆಟ್ ನೆಲ ಬಿಡೋವಾಗ ಎಷ್ಟು ತೂಕ ಇರುತ್ತೆ? ಮೇಲೆ ಹೋಗಿ ಮುಟ್ಟೋದು ಎಷ್ಟು?"

"ಆ ಲೆಕ್ಕದಲ್ಲಿ ನಿಮ್ಮ ಮೇಕೇನೇ ವಾಸಿ" ಎಂದು ಇನ್ನೊಂದಕ್ಕೆ ಆರ್ಡರ್ ಕೊಟ್ಟರು.

2. ಕೊಸರು

ಎರಡನೇ ತಿಂಗಳು ಬರೀ ಮಾಂಸ ತೂಗಿ, ಮನೆಗೇ ತಲುಪಿಸುತ್ತೇನೆ ಅಂತ ರೇಟು ಏರಿಸಿದೆ. ಸ್ಯಾಂಟಾ ಕ್ಲಾರಿಟಾದ ಆಂಟಿ ಒಬ್ಬರು, "ಮೊದಲು ಸ್ಯಾಂಪಲ್ ನೋಡೋಣ" ಎಂದು ಎರಡೇ ಪೌಂಡ್ ಹೇಳಿದರು. ಮೂರು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಪ್ಯಾಕೆಟ್ಟನ್ನು ಕೈಯಲ್ಲೇ ತೂಗಿ ನೋಡಿ, "ಕೊಸರು ಎಲ್ಲಪ್ಪಾ?" ಅಂದರು. ತೂಕದ ಮೇಲೆ ಒಂದು ಹಿಡಿ ಜಾಸ್ತಿ ಹಾಕಲ್ಲ ಅಂದರೆ ನಮ್ಮೂರಿನ ಮರ್ಯಾದೆ ಏನಾಗಬೇಕು? ಅರ್ಧ ಪೌಂಡ್ ಲಿವರ್ ಕೊಟ್ಟೆ. "ಉಣ್ಣದೆ ಹೋಗೋ ಹಾಗಿಲ್ಲ" ಎಂದು ಹಿತ್ತಲಲ್ಲಿ ಕೂರಿಸಿ, ಆ ಲಿವರನ್ನೇ ಹುರಿದು ಬಡಿಸಿದರು. ಮೂರು ಮುದ್ದೆ ಇಳಿಸಿದೆ.

ಸಂಜೆ ಮುದುಕ, "ಪೆಟ್ರೋಲ್ ಖರ್ಚು ಕಳೆದ್ರೆ ಇವತ್ತಿನ ಲಾಭ ಎಲ್ಲಿ?" ಅಂದ.

ಹೊಟ್ಟೆ ತಟ್ಟಿ ತೋರಿಸಿದೆ.

3. ನಾಲ್ಕು ತೊಡೆ

ಇನ್ನೊಂದು ತಾಪತ್ರಯ. ಎಲ್ಲರಿಗೂ ತೊಡೆಯೇ ಬೇಕು. ಕತ್ತು, ಪಕ್ಕೆಲುಬು ಯಾರಿಗೂ ಬೇಡ. ಫ್ರೀಜರಿನಲ್ಲಿ ಅವುಗಳ ಜೊತೆ ನನ್ನ ಲಾಭವೂ ಕಲ್ಲಾಗಿ ಕೂತಿತ್ತು. ಸ್ಯಾನ್ ಡಿಯಾಗೋ ಊರೊಳಗಿನ ಮೀರಾ ಮೆಸಾದ ಸಾಫ್ಟ್‌ವೇರ್ ಅಣ್ಣನೊಬ್ಬ ಒಂದೇ ಮೇಕೆಗೆ ನಾಲ್ಕು ಹಿಂದಿನ ತೊಡೆ ಬರೆದು ಕಳಿಸಿದ.

"ಅಣ್ಣಾ, ಮೇಕೆಗೆ ಹಿಂದಿನ ತೊಡೆ ಇರೋದೇ ಎರಡು."

"ನಿಮ್ಮ ಆರ್ಡರ್ ಫಾರ್ಮ್ ನಾಲ್ಕು ಹಾಕೋಕೆ ಬಿಡ್ತಲ್ಲ? ಅದು ನಿಮ್ಮ ಬಗ್ಗು. ನೀವೇ ಫಿಕ್ಸ್ ಮಾಡ್ಕೊಳ್ಳಿ."

4. ಗುಡ್ಡೆ

ಮೂರನೇ ತಿಂಗಳ ಕೊನೇ ಭಾನುವಾರ ನಮ್ಮೂರಿನ ಗುಡ್ಡೆ ಪದ್ಧತಿ ಹೊರಗೆ ತೆಗೆದೆ. ತೊಡೆ, ಕತ್ತು, ಪಕ್ಕೆಲುಬು, ಲಿವರ್ ಎಲ್ಲ ಸೇರಿಸಿ ಸಮ ಪಾಲು, ಒಂದೇ ರೇಟು. ಆರಿಸುವ ಹಾಗಿಲ್ಲ. ನಾನು ಒಂದು ಗುಡ್ಡೆ ಮುಟ್ಟಿ "ಇದು ಯಾರಿಗೆ?" ಎಂದರೆ, ಬೆನ್ನು ತಿರುಗಿಸಿ ನಿಂತವರು ನೋಡದೆ ಒಬ್ಬರ ಹೆಸರು ಹೇಳಬೇಕು.

ಮೀರಾ ಮೆಸಾದ ಡಾಕ್ಟರ್ ಅಂಕಲ್ ಒಬ್ಬರ ಮನೆಯ ಡ್ರೈವ್‌ವೇ. ಐಸ್ ಹಾಕಿದ ಡಬ್ಬಗಳಲ್ಲಿ ಇಪ್ಪತ್ತು ಗುಡ್ಡೆ, ಸುತ್ತ ಇಪ್ಪತ್ತು ಮನೆಯ ಗಿರಾಕಿಗಳು. ಮುದುಕನೂ ಬಂದು ನಿಂತು, "ಒಂದು ಡಬ್ಬ ಉಳಿದ್ರೂ ನಾಳೆ ಹರಾಜು" ಎಂದ.

ಅಂಕಲ್‌ರೇ ಬೆನ್ನು ತಿರುಗಿಸಿದರು. ಆರು ಗುಡ್ಡೆ ಸಲೀಸಾಗಿ ಹೋದವು. ಏಳನೆಯದನ್ನು ಮುಟ್ಟಿದೆ, ಅವರ ಹೆಂಡತಿ ಕೆಮ್ಮಿದರು.

ಕೊರೊನಾ ಕಾಲ. ನೋಡನೋಡುತ್ತಿದ್ದಂತೆ ಎಲ್ಲರೂ ಮಾಸ್ಕ್ ಏರಿಸಿಕೊಂಡು ಕಾರು ಸೇರಿದರು. ಹದಿನಾಲ್ಕು ಡಬ್ಬ ಅಲ್ಲೇ ಉಳಿದವು. ಮುದುಕ ನನ್ನ ಮುಖ ನೋಡಿದ. ನಾನು ಮುಟ್ಟಿದ್ದ ಏಳನೇ ಡಬ್ಬ ನೋಡಿದೆ. ಅದರಲ್ಲಿ ಮೇಲುಗಡೆಯೇ ದೊಡ್ಡದೊಂದು ತೊಡೆ ತುಂಡು ಕಾಣುತ್ತಿತ್ತು. ಇಂಥ ಕೆಮ್ಮು ನಮ್ಮೂರಲ್ಲಿ ಎಷ್ಟು ಕೇಳಿಲ್ಲ ನಾನು?

"ಅಂಕಲ್, ಆಂಟಿಗೆ ಹುಷಾರಿಲ್ವಾ, ಇಲ್ಲಾ ಸನ್ನೆನಾ? ನಿಜ ಹೇಳಿ, ಇಲ್ಲಾಂದ್ರೆ ನನ್ನ ವ್ಯಾಪಾರ ಇವತ್ತಿಗೆ ಮುಗೀತು."

ಅಂಕಲ್ ಕಿವಿ ಕೆಂಪಾಯಿತು. ಕಾರುಗಳ ಕಡೆ ತಿರುಗಿ, ರಿಪೋರ್ಟ್ ಓದುವ ದನಿಯಲ್ಲಿ ಹೇಳಿದರು: "ಯಾರೂ ಹೆದರಬೇಡಿ. ಇವಳಿಗೆ ಏನೂ ಆಗಿಲ್ಲ. ಒಳ್ಳೇ ಗುಡ್ಡೆ ಬಂದಾಗ ಕೆಮ್ತೀನಿ, ನಮ್ಮ ಹೆಸರು ಹೇಳಿ ಅಂದಿದ್ಳು."

ಕಾರಿನ ಬಾಗಿಲುಗಳು ಒಂದೊಂದೇ ತೆರೆದುಕೊಂಡವು. ವಾಪಸ್ ಬಂದವರಿಗೆಲ್ಲ ಈಗ ಆ ಗುಡ್ಡೆಯೇ ಬೇಕು. ನಾನು ಬಿಡುತ್ತೇನೆಯೇ? "ಕೆಮ್ಮಿದ ಗುಡ್ಡೆಗೆ ಇಪ್ಪತ್ತು ಡಾಲರ್ ಜಾಸ್ತಿ" ಎಂದೆ. ಆಂಟಿಯೇ ತಲೆ ತಗ್ಗಿಸಿಕೊಂಡು ಕೊಟ್ಟು ತಗೊಂಡರು. ಡಾಕ್ಟರ್ ಮನೆಯವರೇ ಅಷ್ಟು ಕೊಟ್ಟರು ಅಂದರೆ ಮಾಂಸ ಚೆನ್ನಾಗೇ ಇರಬೇಕು ಅಂತ ಉಳಿದ ಹದಿಮೂರೂ ಹೋದವು.

ನಡೆದದ್ದನ್ನೆಲ್ಲ ಮುದುಕನಿಗೆ ಬಿಡಿಸಿ ಹೇಳಿದೆ. ಖಾಲಿ ಡಬ್ಬಗಳನ್ನು ಎರಡು ಸಲ ನೋಡಿದ. ಹರಾಜಿನ ಮಾತೆತ್ತಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ:

"ಮುಂದಿನ ತಿಂಗಳು ಇಪ್ಪತ್ತು ಡಬ್ಬಕ್ಕೂ ಕೆಮ್ಮೋಕೆ ಆಕೆ ಎಷ್ಟು ತಗೋತಾರೆ?"