ಬೋಳಿಸಲಿರುವ ಗುಂಗುರಿನ ಆರೈಕೆ

ನಮ್ಮ ಅಕ್ಕನಷ್ಟು ಛಲದಿಂದ ನಷ್ಟದ ಬೇಸಾಯ ಮಾಡಿದವರು ತಮಿಳುನಾಡಿನ ಗಡಿಯೊಳಗಿರುವ ನಮ್ಮ ತಾಳವಾಡಿ ಸೀಮೆಯಲ್ಲಿ ಇನ್ನೊಬ್ಬರಿಲ್ಲವೆಂದು ನಾನು ಸಾಧಾರವಾಗಿ ಹೇಳಬಲ್ಲೆ. ರಾಗಿ, ಜೋಳ, ಎಲೆಕೋಸುಗಳ ಮಾತಲ್ಲ. ನಮ್ಮೂರು ಪಣಕಹಳ್ಳಿಯ ಹೊಲದಲ್ಲಿ ಆಕೆಯನ್ನು ಮೀರಿಸುವುದು ಸುಲಭವಲ್ಲ. ನಾನು ಹೇಳಹೊರಟಿರುವುದು ಕೂದಲಿನ ಬೇಸಾಯ. ಮೊಮ್ಮಗಳ ತಲೆಯ ಮೇಲೆ ಹುಟ್ಟಿದಂದಿನಿಂದ ಬೆಳೆದ, ಜೇಡನ ಎಳೆಯಷ್ಟು ನವಿರಾದ, ಬೆರಳಿಟ್ಟರೆ ಸುತ್ತಿಕೊಳ್ಳುವ ಗುಂಗುರು ಕೂದಲನ್ನು ಆಕೆ ಹಗಲೂ ಇರುಳೂ ಕಾದಳು, ನೀರುಣಿಸಿದಳು, ಎಣ್ಣೆಯುಣಿಸಿದಳು. ಏತಕ್ಕಾಗಿ? ಬೋಳಿಸುವುದಕ್ಕಾಗಿ!

ಹೌದು. ಮಗು ಮೂರರ ಅಂಚಿಗೆ ಬಂದಾಗ ಮಾದಪ್ಪನ ಬೆಟ್ಟಕ್ಕೆ ಕರೆದೊಯ್ದು, ಸೋದರಮಾವನ ತೊಡೆಯ ಮೇಲೆ ಕೂರಿಸಿ, ಮುಡಿ ಕೊಡುವುದು ನಮ್ಮ ಮನೆತನದ ಪದ್ಧತಿ. ಅಲ್ಲಿಯವರೆಗೆ ತಲೆಗೆ ಕತ್ತರಿ ತಾಗಿಸುವಂತಿಲ್ಲ. ಇತಿಹಾಸ ಸಂಶೋಧನೆಯಿಂದ ನಿವೃತ್ತನಾಗಿ ಊರಿಗೆ ಮರಳಿ, ಅಕ್ಕನ ಮನೆಯ ಪಕ್ಕದಲ್ಲೇ ನೆಲೆಸಿರುವ ನಾನು ಒಮ್ಮೆ ತರ್ಕಬದ್ಧವಾಗಿಯೇ ಕೇಳಿದೆ: "ಅಕ್ಕ, ಹೇಗಿದ್ದರೂ ಬೋಳಿಸುವ ಕೂದಲು ತಾನೇ? ಇಷ್ಟೊಂದು ಉಪಚಾರ ಯಾಕೆ?"

"ನೆಂಟರ ಅಟ್ಟಿಗ ಓಗ್ವಾಗ ಕೊಳ್ತಿರ ಬಾಳೆಅಣ್ಣ ಒತ್ಕೊಂಡು ಓದಿಯೇನ್ಲಾ? ಮಾದಪ್ಪ ಎಂಗ್ ಕೊಟ್ಟನೋ ಅಂಗೇ ವಾಪಸ್ ಕೊಡಬ್ಯಾಡ್ವ? ಸಿಕ್ಕು ಸಿಕ್ಕಾಗಿ ಕೊಟ್ರ, ಕೂಸ ನೋಡ್ಕೊಂಡಿದ್ದು ಇಂಗೇನಾ ಅಂತ ಕೇಳಕಿಲ್ವ ಅವನು?"

ದೇವರೇ ತಪಾಸಣೆಗೆ ನಿಂತ ಮೇಲೆ ನನ್ನ ತರ್ಕಕ್ಕೆ ಏನು ಬೆಲೆ!

ಇಲ್ಲಿ ಅಕ್ಕನ ಹೆಸರನ್ನು ಬರೆಯುತ್ತಿಲ್ಲ. "ನನ್ ಬಗ್ಗೆ ಏನಾರ ಗೀಚ್ಕೊ, ಎಸರು ಮಾತ್ರ ಆಕ್ಬ್ಯಾಡ" ಎಂಬುದು ಆಕೆಯ ಕರಾರು. ಓದುಗರಿಗೆ ಇದರಿಂದ ಅನನುಕೂಲವೇನಿಲ್ಲ. ತಾಳವಾಡಿ ಬಸ್ಸಿನಲ್ಲಿ "ಕಿಟಕಿ ಮುಚ್ಚಿಸಿದ ಅಜ್ಜಿ" ಎಂದರೆ ಯಾರಾದರೂ ಮನೆ ತೋರಿಸುತ್ತಾರೆ.

ಆ ಪ್ರಸಂಗ ಹೀಗೆ. ಸತ್ಯಮಂಗಲದಿಂದ ನಾವು ಮೂವರು ಹಿಂದಿರುಗುತ್ತಿದ್ದೆವು: ಅಕ್ಕ, ಆಕೆಯ ತೊಡೆಯ ಮೇಲೆ ಮಗು, ಚೀಲಗಳೊಂದಿಗೆ ನಾನು. ಬೇಸಗೆಯ ಮಧ್ಯಾಹ್ನ. ಬಸ್ಸು ದಿಂಬಂ ಘಾಟಿ ಹತ್ತತೊಡಗಿ ಗಾಳಿ ಬೀಸಿದ್ದೇ ತಡ, ಅಕ್ಕ ತನ್ನ ಕಿಟಕಿ ಮುಚ್ಚಿದಳು. ಆಮೇಲೆ ಮುಂದಿನವರದು. ಆಮೇಲೆ ಹಿಂದಿನವರದು. ಒಂದು ತಿರುವು ಕಳೆದು ಇನ್ನೊಂದು ಬರುವಷ್ಟರಲ್ಲಿ ನಮ್ಮ ಕಡೆಯ ಕಿಟಕಿಗಳೆಲ್ಲ ಮುಚ್ಚಿ, ಒಳಗೆ ನಾವೆಲ್ಲ ಇಡ್ಲಿಗಳಂತೆ ಬೇಯತೊಡಗಿದೆವು. ಕಂಡಕ್ಟರು ಬೆವರೊರೆಸಿಕೊಳ್ಳುತ್ತ ಕಿಟಕಿ ತೆರೆಸಲು ಬಂದರು.

"ಪಾಟ್ಟಿ, ಜನ್ನಲ ತೊರಂಗ! ಮೂಚ್ಚು ಮುಟ್ಟುದು!"

"ಉಸ್ರು ಕಟ್ಟುದ್ರ ದಿಂಬದಲ್ಲಿ ಇಳ್ದು ಉಸ್ರು ಬುಡು ಕಣಪ್ಪ. ಕೂಸಿನ ತಲ ಗಾಳಿಗ ಸಿಕ್ಕಾದ್ರ ನೀ ಬಂದು ಬುಡಿಸಿಕೊಟ್ಟಿಯಾ?"

ಅಕ್ಕ ಕನ್ನಡದಲ್ಲಿ, ಅವರು ತಮಿಳಿನಲ್ಲಿ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದಿದ್ದರೆ ಜಗಳ ಬೇಗ ಮುಗಿಯುತ್ತಿತ್ತು; ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿದ್ದುದೇ ತೊಂದರೆಯಾಯಿತು! ದಿಂಬಂ ತಲುಪುವವರೆಗೂ ನಡೆಯಿತು. ಅಲ್ಲಿ ಎಲ್ಲರೂ ಇಳಿದು ಟೀ ಕುಡಿದರು. ಬಸ್ಸು ಹೊರಡುವ ಮುನ್ನ ಕಂಡಕ್ಟರು ನಮ್ಮ ಸೀಟಿನ ಬಳಿ ಬಂದು ದನಿ ತಗ್ಗಿಸಿ, ಅಚ್ಚ ಕನ್ನಡದಲ್ಲಿ ಕೇಳಿದರು: "ಅಜ್ಜೀ, ನನ್ನ ಮಗಳದೂ ಸುರುಳಿ ಕೂದಲೇ. ದಿನಾ ಬಾಚುವಾಗ ಮನೆಯಲ್ಲಿ ಒಂದೇ ರಂಪ. ಯಾವ ಎಣ್ಣೆ ಹಾಕ್ತೀರಿ?"

ಅಲ್ಲಿಂದ ತಾಳವಾಡಿಯವರೆಗೆ ಉಪನ್ಯಾಸ. ಉಳಿದಿದ್ದ ಎದುರು ಬದಿಯ ಕಿಟಕಿಗಳನ್ನು ಕಂಡಕ್ಟರೇ ಮುಚ್ಚಿಬಂದರು!

ಉಪನ್ಯಾಸದ ಸಾರವನ್ನು ನಾನೂ ಬಲ್ಲೆ. ಒಣ ಕೂದಲಿಗೆ ಬಾಚಣಿಗೆ ಮುಟ್ಟಿಸಕೂಡದು. ನೆನೆಸಿ, ಎಣ್ಣೆ ಸವರಿ, ಬೆರಳಲ್ಲೇ ಬಿಡಿಸಬೇಕು. ಬುಡದಿಂದ ಎಳೆಯಬಾರದು, ತುದಿಯಿಂದ ತೊಡಗಿ ಮೇಲಕ್ಕೆ ಬರಬೇಕು. ಹತ್ತಿಯ ದಿಂಬು ಸಿಕ್ಕಿನ ತವರು. ಆದ್ದರಿಂದ ಮಗುವಿನ ದಿಂಬಿಗೆ ಅಕ್ಕ ತನ್ನ ಮದುವೆಯ ರೇಷ್ಮೆ ಸೀರೆಯ ಸೆರಗನ್ನೇ ಕತ್ತರಿಸಿ ಹೊದಿಸಿದ್ದಳು. "ಅದೇ ಸೀರೆಯಾ?" ಎಂದು ನಾನು ಖಚಿತಪಡಿಸಿಕೊಳ್ಳಲು ಹೋದಾಗ, "ನಿಮ್ಮ ಭಾವನೇ ಓಗಿ ಎಷ್ಟ್ ಕಾಲ ಆಯ್ತು, ಸೀರೆ ಇಟ್ಕೊಂಡು ಯಾರ ಮದುವೆ ಆಗ್ಲಿ?" ಎಂದಳು.

ಆ ತಲೆಯನ್ನು ಯಾರು ಬೇಕಾದರೂ ಮುಟ್ಟುವಂತಿರಲಿಲ್ಲ. ಪರೀಕ್ಷೆಯಿತ್ತು! ಹೊಲದಿಂದ ಎಳೆಯ ಮುಸುಕಿನ ಜೋಳದ ತೆನೆ ತಂದು, ಸಿಪ್ಪೆ ಸುಲಿದು, ಒಳಗಿನ ನೂಲಿನಂಥ ಮೀಸೆಯನ್ನು ಅಕ್ಕ ಅಂಗೈಯಲ್ಲಿ ಉಜ್ಜಿ ಗಂಟುಗಂಟು ಮಾಡಿ ಕೊಡುತ್ತಿದ್ದಳು. ಒಂದೆಳೆಯೂ ಹರಿಯದಂತೆ ಬಿಡಿಸಿದವರಿಗೆ ಮಾತ್ರ ಮಗುವಿನ ತಲೆ. ಅಕ್ಕನ ಸೊಸೆ, ಮಗುವಿನ ತಾಯಿ, ಮರುಪರೀಕ್ಷೆಯಲ್ಲಿ ತೇರ್ಗಡೆಯಾದಳು. ಮಗ ಎಂದಿಗೂ ಆಗಲಿಲ್ಲ. ಅವನಿಗೆ ಎಣ್ಣೆ ಬಟ್ಟಲು ಹಿಡಿಯುವ ಕೆಲಸ ಖಾಯಂ ಆಯಿತು. ನಾನು ಧೈರ್ಯದಿಂದಲೇ ಕುಳಿತೆ. ಅಂಟಿಕೊಂಡ ತಾಳೆಗರಿಗಳನ್ನು ಜೀವಮಾನವಿಡೀ ಬಿಡಿಸಿದ ಕೈಯಲ್ಲವೇ ಇದು! ಎಳೆಗಳು ಒಂದೊಂದೇ ಸರಿಯುತ್ತಿದ್ದವು. ಆಗ ಅಕ್ಕ ಇದ್ದಕ್ಕಿದ್ದಂತೆ ತೆನೆಯ ಬುಡ ಹಿಡಿದು ಅತ್ತಿತ್ತ ಅಲುಗಿಸುತ್ತ, "ಬ್ಯಾಡಾ... ನೋವೂ... ಅವ್ವೋ..." ಎಂದು ಅರಚತೊಡಗಿದಳು. ಎರಡು ಎಳೆ ಹರಿದೇಹೋದವು.

"ಇದೇನಕ್ಕ ಅನ್ಯಾಯ!"

"ನಿನ್ನ ಗರಿ ಸುಮ್ಕ ಬಿದ್ದಿರ್ತದ ಕಣ್ಲಾ. ಕೂಸು ಬಿದ್ದಿದ್ದದಾ?"

ಅನುತ್ತೀರ್ಣ!

ಹಾಗೆಂದು ಹೊಸತಕ್ಕೆ ಅಕ್ಕ ವಿರೋಧಿಯಲ್ಲ. ಸೊಸೆ ಫೋನಿನಲ್ಲಿ ನೋಡಿ, ಗುಂಗುರು ಕೂದಲಿಗೆಂದೇ ಇರುವ ಕ್ರೀಮೊಂದನ್ನು ತರಿಸಿದಳು. ಅಕ್ಕ ಮೂಸಿದಳು, ಬೆರಳಲ್ಲಿ ಉಜ್ಜಿದಳು, ಆಮೇಲೆ ಪ್ರಯೋಗಾರ್ಥವಾಗಿ ನನ್ನ ಕಿವಿಗಳ ಹಿಂದೆ ಉಳಿದಿರುವ ಕೂದಲಿಗೆ ಬಳಿದಳು. ಕೆಲವು ದಿನ ಕಾದು ಫಲಿತಾಂಶ ಪ್ರಕಟಿಸಿದಳು: "ಉದುರ್ನಿಲ್ಲ. ಉದುರಕ ಇದ್ರ ತಾನೇ! ಬುಡು, ಕೂಸಿಗ ಅಚ್ಚಬೌದು." ಕ್ರೀಮು ಹಚ್ಚಿದ ಮೇಲೆ ಬೆರಳು ಸಲೀಸಾಗಿ ಜಾರಿತು. ಅದಾದ ಮಾರನೆಯ ದಿನದಿಂದ ಅದು ಅಕ್ಕನೇ ಕಂಡುಹಿಡಿದ ಔಷಧವಾಗಿ ಊರಲ್ಲಿ ಪ್ರಚಾರ ಪಡೆಯಿತು!

ಈ ವ್ಯವಸಾಯದಲ್ಲಿ ನನಗೆ ವಹಿಸಿದ್ದು ದಿನಾಂಕದ ಖಾತೆ. ಮೂರು ತುಂಬುವುದರೊಳಗೆ ಮುಡಿ ಕೊಡಬೇಕಷ್ಟೆ, ತುಂಬುವುದು ಎಂದು? ಆಸ್ಪತ್ರೆಯ ಕಾಗದ ಒಂದು ದಿನ ಹೇಳಿತು. ಅಕ್ಕ ಇನ್ನೊಂದು ಹೇಳಿದಳು: "ಆನೆ ಬಂದು ಜೋಳದ ಬೇಲಿ ಮುರೀತಲ್ಲ, ಅವತ್ತೇ ಉಟ್ಟಿದ್ದು." ನಾನು ಆಧಾರ ಹುಡುಕಿದೆ. ಮುರಿದ ಬೇಲಿಯ ಚಿತ್ರ ಅಕ್ಕನ ಮಗನ ಫೋನಿನಲ್ಲಿತ್ತು. ಅದರ ತಾರೀಖು ಆಸ್ಪತ್ರೆಯ ಕಾಗದಕ್ಕೆ ಹೊಂದಲಿಲ್ಲ. ಗೆದ್ದೆನೆಂದು ಒಯ್ದು ತೋರಿಸಿದೆ.

"ಇದು ಎರಡ್ನೇ ಸಲ ಬಂದಾಗಿಂದು ಕಣ್ಲಾ. ನಾನ್ ಏಳಿದ್ದು ಮೊದುಲ್ನೇ ಆನೆ."

ಒಂದೇ ಆನೆಯನ್ನು ನಂಬಿದ ಇತಿಹಾಸಕಾರನಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆ ಬೇಕೆ?

ಕೊನೆಗೆ ಆಸ್ಪತ್ರೆಯ ಕಾಗದವನ್ನೇ ಹಿಡಿದು ದಿನಾಂಕ ಇತ್ಯರ್ಥವಾದರೂ ಮುಡಿ ಮುಂದೆ ಮುಂದೆ ಹೋಗುತ್ತಲೇ ಇತ್ತು. ಕಾರಣ ಸೋದರಮಾವ. ಸೊಸೆಯ ತಮ್ಮನಾದ ಅವನು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಮೇಲ್ವಿಚಾರಕ. ನಾನು ಪಂಚಾಂಗ ನೋಡಿ ಒಂದು ಸೋಮವಾರ ಗೊತ್ತುಮಾಡಿದರೆ ಅವನಿಗೆ ಅರ್ಜೆಂಟ್ ಆರ್ಡರು. ಇನ್ನೊಂದು ಗೊತ್ತುಮಾಡಿದರೆ ರಜೆ ಇಲ್ಲ. ಹೀಗೆ ಚಳಿಗಾಲ ಬಂತು. ಆಗಲೇ ಕೊಳ್ಳೇಗಾಲದಲ್ಲಿರುವ ನಮ್ಮ ತಂಗಿ ಹಾಸಿಗೆ ಹಿಡಿದಳೆಂದು ಅಕ್ಕ ಆರೈಕೆಗೆ ಹೋಗಬೇಕಾಯಿತು. ಹೊರಡುವಾಗ ಸೊಸೆಗೆ ಕೊಟ್ಟ ಸೂಚನೆಗಳಲ್ಲಿ ದಿಂಬಿತ್ತು, ಎಣ್ಣೆಯಿತ್ತು, ಗಾಳಿಯಿತ್ತು. ಒಂದು ಮಾತ್ರ ಇರಲಿಲ್ಲ. ಉಣ್ಣೆಯ ಟೋಪಿ!

ನಮ್ಮ ಬೆಟ್ಟದ ಚಳಿಗೆ ತಾಯಿಯಾದವಳು ಮಗುವಿಗೆ ಟೋಪಿ ಹಾಕದಿರುತ್ತಾಳೆಯೇ? ಹಗಲೂ ರಾತ್ರಿಯೂ ಹಾಕಿದಳು. ಹೊಲದಲ್ಲಿ ಕೋಸಿನ ಕಟಾವು ಬೇರೆ. ಅಕ್ಕ ಹಿಂದಿರುಗಿ ಟೋಪಿ ತೆಗೆದು ನೋಡುತ್ತಾಳೆ: ಹೆಕ್ಕತ್ತಿನ ಮೇಲೆ, ಕೂದಲೂ ಉಣ್ಣೆಯೂ ಹೊಸೆದುಕೊಂಡು, ನೆಲ್ಲಿಕಾಯಿ ಗಾತ್ರದ ಗಟ್ಟಿ ಗಂಟು.

ಸೊಸೆ ಅಳತೊಡಗಿದಳು. ಅಕ್ಕ ಬಾಯಿ ತೆರೆಯುವ ಮೊದಲೇ, ಮಜ್ಜಿಗೆ ಕೇಳಲು ಬಂದಿದ್ದ ಮೂಲೆಮನೆಯ ಹಿರಿಯಜ್ಜಿ ಬಾಗಿ ನೋಡಿ, ಕೆನ್ನೆ ಬಡಿದುಕೊಂಡು, ಎರಡೂ ಕೈ ಮುಗಿದಳು.

"ಅಯ್ಯೋ ಸಿವನೇ! ಸಿಕ್ಕಲ್ಲ ಕಣವ್ವ ಇದು. ಜಡೆ! ಮಾದಪ್ಪ ಬಂದು ಕೂತವನೆ!"

ಇದು ನಗುವ ವಿಷಯವಲ್ಲ. ತಾನಾಗಿ ಜಡೆಗಟ್ಟಿದ ಕೂದಲು ದೇವರದೆಂದು ನಮ್ಮಲ್ಲಿ ಹಲವರ ನಂಬಿಕೆ. ಅದನ್ನು ಬಾಚುವಂತಿಲ್ಲ, ಕತ್ತರಿಸುವಂತಿಲ್ಲ, ಮುಡಿಯೂ ಇಲ್ಲ. ಆ ಮಗು ಆ ಗಂಟನ್ನು ಹೊತ್ತುಕೊಂಡೇ ಬೆಳೆಯಬೇಕು, ಶಾಲೆಗೆ ಹೋಗಬೇಕು. ಸಂಜೆಯೊಳಗೆ ಊರ ಹೆಂಗಸರು ವಿಭೂತಿ ಹಿಡಿದು ಬರಲಾರಂಭಿಸಿದರು. ಮಗು ಗಾಬರಿಯಿಂದ ಅವರ ಮುಖಗಳನ್ನೇ ನೋಡುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತಳು.

"ಮಾದಪ್ಪ ಕೂತಿದ್ರ ನಾನೂ ಕೈ ಮುಗ್ದೇನು. ಆದ್ರ ಇದ್ರೊಳಗ ಕೆಂಪ್ ಉಣ್ಣೆ ಅದೆ. ಮಾದಪ್ಪ ಯಾವತ್ತು ಕಣಕ್ಕ ಟೋಪಿ ಆಕಿದ್ದ?"

ಹಿರಿಯಜ್ಜಿ ಸೋಲಲಿಲ್ಲ. "ಅಂಗಾರ ಬುಡಿಸು. ಬುಟ್ರ ಸಿಕ್ಕು, ಬುಡದಿದ್ರ ಜಡೆ. ಕತ್ತರಿ ಮಾತ್ರ ಮುಟ್ಟಿಸ್ಬ್ಯಾಡ. ಬೆಟ್ಟಕ್ಕ ಒರಡೋ ದಿನ ಬಂದು ನಾನೇ ನೋಡ್ತೀನಿ."

ನ್ಯಾಯವಾದ ತೀರ್ಪು. ಆದರೆ ಅದೇ ಹೊತ್ತಿಗೆ, ಇಷ್ಟು ಕಾಲ ರಜೆಯೇ ಇಲ್ಲವೆನ್ನುತ್ತಿದ್ದ ಸೋದರಮಾವನ ಫೋನು ಬರಬೇಕೆ! ಬರುವ ಸೋಮವಾರ ರಜೆ ಸಿಕ್ಕಿದೆಯಂತೆ. ಅದು ತಪ್ಪಿದರೆ ಮೂರು ತುಂಬುವುದರೊಳಗೆ ಇನ್ನೊಂದು ರಜೆ ಇಲ್ಲವಂತೆ.

ಮರುದಿನ ಮಧ್ಯಾಹ್ನದಿಂದ ಅಕ್ಕ ಜಗುಲಿಯ ಮೇಲೆ ಕಾಲು ಚಾಚಿ ಕುಳಿತು ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬೆಚ್ಚಗಿನ ಹರಳೆಣ್ಣೆ, ಸೊಸೆಯ ಕ್ರೀಮು, ನೀರು. ಮೊದಲ ದಿನ ಮಗು ಅತ್ತಿತು, ಕಚ್ಚಿತು, ಓಡಿತು. ಅಕ್ಕ ಬೈಯಲಿಲ್ಲ, ಬಿಡಲೂ ಇಲ್ಲ. ಹಿಡಿದು ತಂದು ಕೂರಿಸುವಳು. "ನೋವು" ಎಂದಾಕ್ಷಣ ಬೆರಳು ನಿಲ್ಲಿಸುವಳು. ಅಳು ನಿಂತ ಮೇಲೆ ನಿಲ್ಲಿಸಿದಲ್ಲಿಂದಲೇ ತೊಡಗುವಳು. ಒಂದು ಕೂದಲು ಈಚೆ, ಒಂದು ಉಣ್ಣೆಯ ಎಳೆ ಆಚೆ. ನಾನು ನೋಡುತ್ತ ಕುಳಿತು ಕಣ್ಣು ನೋಯಿಸಿಕೊಂಡೆ; ಆಕೆ ಕಣ್ಣು ಮುಚ್ಚಿಕೊಂಡೇ ಬೆರಳಲ್ಲಿ ಓದುತ್ತಿದ್ದಳು. ನಡುವೆ ಬಂದವರು "ಬುಡ್ತಾ?" ಎಂದರೆ, "ಬುಡ್ತದೆ. ಬುಡದೆ ಎಲ್ಲಿಗ್ ಓದದು!" ಎಂಬ ಒಂದೇ ಉತ್ತರ.

ದಿನ ಕಳೆದಂತೆ ಮಗುವಿನಲ್ಲೂ ಬದಲಾವಣೆ ಕಂಡಿತು. ಮೊದಲು ಅಳು ತಗ್ಗಿತು. ಆಮೇಲೆ ಬೆರಳಾಡುತ್ತಿದ್ದಂತೆ ಕಣ್ಣು ಎಳೆಯತೊಡಗಿತು. ಕೊನೆಗೆ ಊಟವಾಗುತ್ತಲೇ ತಾನೇ ಎಣ್ಣೆ ಸೀಸೆಯನ್ನು ಎಳೆದುಕೊಂಡು ಬಂದು, "ಅಜ್ಜೀ, ಸಿಕ್ಕು" ಎಂದು ತೊಡೆಯೇರುವಂತಾಯಿತು. ನೆಲ್ಲಿಕಾಯಿ ಕಡಲೆಯಾಯಿತು, ಕಡಲೆ ಸಾಸಿವೆಯಾಯಿತು. ಭಾನುವಾರ ಹೊತ್ತಿಳಿಯುವಾಗ ಅಕ್ಕ ಕೊನೆಯ ಕೆಂಪು ಎಳೆಯನ್ನು ಬೆಳಕಿಗೆ ಹಿಡಿದು, ಊದಿ ಹಾರಿಸಿದಳು.

ಸೋಮವಾರ ನಸುಕಿಗೇ ಹಿರಿಯಜ್ಜಿ ಬಂದಳು. ಗುಂಗುರಿನೊಳಗೆ ಬೆರಳು ತೂರಿಸಿದಳು. ಹೆಕ್ಕತ್ತಿನಿಂದ ನೆತ್ತಿಯವರೆಗೆ ಎಲ್ಲೂ ತಡೆಯಲಿಲ್ಲ. ಎಣ್ಣೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು:

"ಕೂತಿದ್ದ ಕಣವ್ವ. ನಿನ್ನ ಕಾಟ ತಡಿನಾರ್ದೆ ಎದ್ದೋದ!"

ಬೆಟ್ಟದಲ್ಲಿ ಕೆಲಸ ಬೇಗ ಮುಗಿಯಿತು. ಸೋದರಮಾವ ಮಗುವನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದ. ಅಕ್ಕ ಕ್ಷೌರಿಕನಿಗೆ, ಹೇಗೆ ನೆನೆಸಬೇಕು, ಎಲ್ಲಿಂದ ತೊಡಗಬೇಕು ಎಂದು ಪಾಠ ಆರಂಭಿಸಿದಾಗ ಆತ, "ಅವ್ವಾ, ನಾನು ಬಾಚೋನಲ್ಲ, ಬೋಳ್ಸೋನು" ಎಂದು ಕೈ ಮುಗಿದ. ಸುರುಳಿಗಳು ಒಂದೊಂದಾಗಿ ಅಕ್ಕನ ಮಡಿಲಿಗೆ ಬಿದ್ದವು. ಮೊದಲ ಮುಡಿಯ ನಂತರ ಬರುವ ಕೂದಲು ಹೀಗೆಯೇ ಗುಂಗುರಾಗಿರುತ್ತದೆಂಬ ಭರವಸೆಯಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಕ್ಕ ಅಳಲಿಲ್ಲ. ಒಪ್ಪಿಸಿ, ಸೆರಗು ಕೊಡವಿ, "ಒಳ್ಳೇದ್ನೇ ಕೊಟ್ಟಿವಿನಿ, ನೋಡ್ಕೊಪ್ಪ" ಎಂದು ಗೋಪುರದ ಕಡೆ ತಿರುಗಿ ಹೇಳಿದಳು. ಅಷ್ಟೆ.

ಮರುದಿನ ಮಧ್ಯಾಹ್ನ ನಾನು ಹೋದಾಗ ಅಕ್ಕ ಜಗುಲಿಯಲ್ಲಿ ಒಬ್ಬಳೇ ಕುಳಿತಿದ್ದಳು. ಮಗು ಕಂಬದಾಚೆ ನಿಂತು, ಗಂಧ ಬಳಿದ ತಲೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿತ್ತು. ತುಟಿ ಅದುರುತ್ತಿತ್ತು. ಕೂದಲು ಹೋಯಿತೆಂದು ಅಳುತ್ತಿದೆ ಎಂದುಕೊಂಡೆ. ಅಲ್ಲ.

"ಅಜ್ಜೀ," ಎಂದಿತು, "ಸಿಕ್ಕೇ ಇಲ್ಲ."

ಸಿಕ್ಕಿಲ್ಲದ ಮೇಲೆ ತೊಡೆಯ ಮೇಲೆ ಜಾಗವೂ ಇಲ್ಲವೆಂದು ಅದು ತಿಳಿದಿತ್ತು.

"ಯಾರಂದೋರು?" ಎಂದಳು ಅಕ್ಕ. "ಬಾ ಇಲ್ಲಿ. ಬೇಕಾದಷ್ಟದೆ."

ಮಗು ಅನುಮಾನದಿಂದ ನನ್ನ ಕಡೆ ತಿರುಗಿತು. "ಅದಾ, ತಾತ?"

ಯಾವುದನ್ನೂ ಆಧಾರವಿಲ್ಲದೆ ಹೇಳಿ ನನಗೆ ಅಭ್ಯಾಸವಿಲ್ಲ. ಹತ್ತಿರ ಹೋಗಿ, ಕನ್ನಡಕ ಸರಿಪಡಿಸಿಕೊಂಡು, ಆ ನುಣ್ಣನೆಯ ತಲೆಯನ್ನು ಎಲ್ಲ ಕಡೆಯಿಂದ ಪರಿಶೀಲಿಸಿದೆ.

"ಅದೆ ಕಣವ್ವ," ಎಂದೆ. "ತುಂಬಾ ಅದೆ."

ಮಗು ತೊಡೆಯೇರಿ ಮಲಗಿತು. ಅಕ್ಕ ಕಣ್ಣು ಮುಚ್ಚಿದಳು. ಅವಳ ಬೆರಳುಗಳು ಹೆಕ್ಕತ್ತಿನ ಬಳಿಯಿಂದ ತೊಡಗಿ, ನೋಯದಂತೆ, ಅವಸರವಿಲ್ಲದಂತೆ, ಇಲ್ಲದ ಕೂದಲನ್ನು ಒಂದೊಂದೇ ಬಿಡಿಸುತ್ತ ಮೇಲಕ್ಕೆ ಬಂದವು.