ಚೌಕಳಿ ಗಂಟು

ಗುಮಾಸ್ತ: ನಮ್ಮ ಬ್ಯಾಂಕು ಬಂಡೆ ಇದ್ದ ಹಾಗೆ ಅಂತ ಆಗ್ಲೇ ಮೂರು ಸಲ ಹೇಳಿದೆ, ಅಕ್ಕ. ಇನ್ನೇನು ಹೇಳ್ಲಿ?

ದರ್ಜಿ ಅಕ್ಕ: ಎದುರುಗಡೆ ಬ್ಯಾಂಕಿನವರೂ ಬಂಡೆ ಅಂತಾನೇ ಹೇಳ್ತಿದ್ರು. ಹೋದ ತಿಂಗಳು ಬಂಡೆಗೆ ಬೀಗ ಬಿತ್ತು.

ಅಕ್ಕ ಗಾಜಿನ ಕಿಂಡಿಯ ಮುಂದೆ ನಿಂತು ಅರ್ಧ ಗಂಟೆಯಾಗಿತ್ತು. ಕೊರಳಲ್ಲಿ ಅಳತೆಯ ಟೇಪು, ಕಂಕುಳಲ್ಲಿ ದಪ್ಪ ಚೀಲ. ಕೂತರೆ ಒಪ್ಪಿದ ಹಾಗಾಗುತ್ತದೆಂದು ಕುರ್ಚಿಯನ್ನೂ ಬೇಡವೆಂದಿದ್ದಳು. ಈ ತಿಂಗಳು ಠೇವಣಿ ಬಾರದಿದ್ದರೆ ಶಾಖೆಯನ್ನೇ ಮುಚ್ಚುವುದಾಗಿ ಮೇಲಿನವರು ಬರೆದಿದ್ದರು. ಅಂದಿನಿಂದ ಗುಮಾಸ್ತ ಬಂದವರಿಗೆಲ್ಲ ಕುರ್ಚಿ ಹಾಕುತ್ತಿದ್ದ. ಬಂದವರು ಇದ್ದ ಹಣವನ್ನೂ ತೆಗೆದುಕೊಂಡು ಹೋಗುತ್ತಿದ್ದರು.

ಗುಮಾಸ್ತ: ಬ್ಯಾಂಕು ನಡೆಯೋದೇ ನಂಬಿಕೆ ಮೇಲೆ.

ಅಕ್ಕ: ನನ್ನ ದುಡ್ಡಾಗಿದ್ರೆ ನಂಬಿಬಿಡ್ತಿದ್ದೆ. ಇದು ಬೇರೆಯವರದು. ಬರೆದು ಕೊಡಿ.

ಗುಮಾಸ್ತ: ಏನಂತ?

ಅಕ್ಕ: ಮುಳುಗಲ್ಲ ಅಂತ.

ಗುಮಾಸ್ತ: ಅದಕ್ಕೆ ಫಾರಂ ಇಲ್ಲ.

ವಿಷಯವಿಷ್ಟೇ. ಎದುರಿನ ಬ್ಯಾಂಕು ಮುಚ್ಚಿದ್ದೇ ತಡ, ಬೀದಿಯ ಹೆಂಗಸರೆಲ್ಲ ಬೇರೆ ಬೇರೆ ಬ್ಯಾಂಕುಗಳಿಂದ ಉಳಿತಾಯ ಬಿಡಿಸಿ ತಂದು ಅಕ್ಕನ ಕೈಗೆ ಕೊಟ್ಟಿದ್ದರು. ಅಳತೆಯಲ್ಲಿ ಒಂದು ನೂಲು ತಪ್ಪದವಳು ಲೆಕ್ಕದಲ್ಲಿ ತಪ್ಪುತ್ತಾಳೆಯೇ? ಹೊಲಿಗೆ ಯಂತ್ರದ ಡ್ರಾಯರು ಮುಚ್ಚಲಾರದಷ್ಟು ತುಂಬಿತು. ಅಂಗಡಿಗಿರುವುದು ತಗಡಿನ ಬಾಗಿಲು, ಅದಕ್ಕೊಂದು ಚಿಲಕ. ಮೂರು ವಾರದಿಂದ ಅಕ್ಕನಿಗೆ ನಿದ್ದೆಯಿಲ್ಲ. ನಿನ್ನೆ ಒಂದು ಅಂಗಿಗೆ ಮೂರು ತೋಳು ಹೊಲಿದಿದ್ದಳು.

ಅಕ್ಕ: ಒಂದು ಗಂಟು ಹೋದ್ರೂ ನಾನು ಈ ಬೀದೀಲಿ ತಲೆ ಎತ್ತೋ ಹಾಗಿಲ್ಲ. ಆಯ್ತು, ಇಟ್ಕೊಳ್ಳಿ.

ಕೊನೆಗೂ ಕೂತಳು. ಗುಮಾಸ್ತ ಅವಸರದಲ್ಲಿ ಪೆನ್ನಿನ ಮುಚ್ಚಳ ತೆಗೆದ.

ಗುಮಾಸ್ತ: ಯಾವುದು ಯಾರದು ಅಂತ ಬರೆದಿಟ್ಟಿದ್ದೀರಾ?

ಅಕ್ಕ: ಬರೆಯೋದ್ಯಾಕೆ? ಯಾವ ಮನೆ ದುಡ್ಡೋ ಆ ಮನೆ ಬಟ್ಟೇಲೇ ಕಟ್ಟಿದ್ದೀನಿ. ಹೊಲಿದು ಉಳಿದ ತುಂಡು.

ಹೂವಿನದೊಂದು ಬಂತು, ಗೆರೆಯದೊಂದು ಬಂತು, ಕಂದು ಬಣ್ಣದ್ದೊಂದು ಬಂತು. ನಾಲ್ಕನೆಯದು ನೀಲಿ ಚೌಕಳಿ. ಗುಮಾಸ್ತ ಗಂಟನ್ನು ನೋಡಿದ. ಆಮೇಲೆ ತನ್ನ ಅಂಗಿಯ ತೋಳನ್ನು ನೋಡಿಕೊಂಡ. ಅದೇ ಚೌಕಳಿ.

ಗುಮಾಸ್ತ: ನಮ್ಮ ಮನೆಯವಳ ದುಡ್ಡು ಇದೇ ಬ್ಯಾಂಕಲ್ಲಿದೆ.

ಅಕ್ಕ: ಇತ್ತು. ಹಲ್ಲು ಕೀಳಿಸೋಕೆ ನೀವು ರಜಾ ಹಾಕಿದ್ರಲ್ಲ, ಆವತ್ತು ತೆಗೆಸಿದ್ರು. ಕಿಂಡೀಲಿ ಮ್ಯಾನೇಜರೇ ಕೂತಿದ್ರಂತೆ.

ಗುಮಾಸ್ತ: ಯಾಕೆ ತೆಗೆಸಿದ್ಲು?

ಅಕ್ಕ: ಎದುರಿಗಿನದು ಮುಚ್ಚಿದ ದಿನ ಊಟಕ್ಕೆ ಕೂತಾಗ, ನಮ್ಮ ಬ್ಯಾಂಕಿಗೇನೂ ಆಗಲ್ಲ ಅಂತ ನೀವು ಆರು ಸಲ ಹೇಳಿದ್ರಂತೆ. ಅವರಾಗಿ ಆ ಮಾತು ಎತ್ತಿರಲೇ ಇಲ್ಲವಂತೆ.

ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ. ಅತ್ತ ಇತ್ತ ನೋಡಿ ಚೌಕಳಿ ಗಂಟನ್ನು ಮೆಲ್ಲಗೆ ಕಿಂಡಿಯಾಚೆ ತಳ್ಳಿದ.

ಗುಮಾಸ್ತ: ಇದೊಂದು ನಿಮ್ಮ ಹತ್ರಾನೇ ಇರ್ಲಿ.

ಅಕ್ಕ: ಬಂಡೆ ಅಂದ್ರಿ?

ಗುಮಾಸ್ತ: ಬಂಡೆನೇ. ಆದ್ರೆ ಇದು ಮಗಳ ಓದಿನ ದುಡ್ಡು.

ಅಷ್ಟರಲ್ಲಿ ಮ್ಯಾನೇಜರು ಹೊರಗೆ ಬಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ಕಂದು ಗಂಟಿನ ಮೇಲೆ ಕಣ್ಣು ಬಿದ್ದದ್ದೇ, ಅವರ ಕೈ ತಾನಾಗಿಯೇ ಅದೇ ಕಂದು ಬಟ್ಟೆಯ ಪ್ಯಾಂಟನ್ನು ಸವರಿತು. ಅದನ್ನೂ ಆಚೆಗೆ ತಳ್ಳಿದರು.

ಅಕ್ಕ: ಒಳಗಿರೋರೇ ಇಡಲ್ಲ ಅಂದ್ಮೇಲೆ ಹೊರಗಿನವರದು ನಾನು ಹೇಗೆ ಇಡ್ಲಿ?

ಗಂಟುಗಳೆಲ್ಲ ಮತ್ತೆ ಚೀಲ ಸೇರಿದವು. ತಿಂಗಳ ಒಂದೇ ಒಂದು ಠೇವಣಿ ಎದ್ದು ನಿಂತಿತು. ಇಬ್ಬರೂ ತಡೆಯಲಿಲ್ಲ. ಮ್ಯಾನೇಜರು ಒಳಗೆ ಹೋಗಿ, ತಿಜೋರಿ ಕೋಣೆಯ ದೊಡ್ಡ ಬೀಗವನ್ನೇ ತಂದು ಅಕ್ಕನ ಕೈಗಿಟ್ಟು, ಇಲ್ಲಿ ಇದಕ್ಕೆ ಈಗ ಅಷ್ಟೇನೂ ಕೆಲಸವಿಲ್ಲ, ತಗಡಿನ ಬಾಗಿಲಿಗೆ ಹಾಕಿಕೊಳ್ಳಿ ಎಂದರು. ಮೂರು ವಾರದಲ್ಲಿ ಮೊದಲ ಸಲ ಅಕ್ಕನ ಮುಖ ಹಗುರಾಯಿತು.

ಗುಮಾಸ್ತ ಬಾಗಿಲ ತನಕ ಹಿಂದೆಯೇ ಬಂದ.

ಗುಮಾಸ್ತ: ಅಕ್ಕ, ನಮ್ಮ ಗಂಟಿಗೆ ಒಂದು ರಸೀದಿ ಏನಾದ್ರೂ...

ಅಕ್ಕ: ನಡೆಯೋದೇ ನಂಬಿಕೆ ಮೇಲೆ, ಸಾರ್. ಅದಕ್ಕೆ ಫಾರಂ ಇಲ್ಲ.